ಕೀ ಕೇಳಿದವರು ಯಾರು

ಜೂನ್ 16, ಸೋಮವಾರ. ಬೆಳಿಗ್ಗೆ 9.50

ಸರ್ವರ್ ರೂಮಿನ ಏಸಿ ಮತ್ತೆ ತೊಟ್ಟಿಕ್ಕುತ್ತಿದೆ. ಬಕೆಟ್ ಇಟ್ಟೆ. ಬ್ಯಾಕಪ್ ಸರಿಯಾಗಿ ಆಗಿದೆ. ನಾಲ್ಕೂ ಕಂಟೇನರ್ ಎದ್ದಿವೆ — ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಒಂದೇ ಮಷಿನ್ನಿನೊಳಗೆ ನಾಲ್ಕು ಕೋಣೆ. ಟ್ರಸ್ಟಿನ ನಾಲ್ಕು ಆಸರೆ ಕೇಂದ್ರಗಳಿಗೆ ಒಂದೊಂದು. ಮನೆ ಬಿಟ್ಟು ಬಂದ ಹೆಂಗಸರ ಫೈಲುಗಳು ನಾಲ್ಕೂ ಕೋಣೆಗೆ ಕಾಣುವ ಒಂದೇ ಕಪಾಟಿನಲ್ಲಿ; ಪ್ರತಿ ಫೈಲಿಗೂ ಬೀಗ, ತೆರೆಯಲು ಕೀ.

ಮಾರ್ಚ್‌ನಿಂದ ಒಂದು ಫೋನೂ ಇಲ್ಲ. ಅದಕ್ಕೂ ಮೊದಲು ದಿನಕ್ಕೆ ಹತ್ತು ಸಲ — ‘ಮೇಡಂ, ಕೀ ಸಿಗ್ತಿಲ್ಲ ಅಂತ ಬರ್ತೈತೆ.’ ಒಂದೊಂದು ಕೋಣೆಗೂ ಬೇರೆ ಬೇರೆ ವ್ಯವಸ್ಥೆ, ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ತಲೆಕೆಟ್ಟು ಎಲ್ಲ ಕೀಗಳನ್ನೂ ಕೋಣೆಗಳಿಂದ ಹೊರಗೆ ತಂದೆ. ಒಳಗಿನಿಂದ ಯಾರು ಕೀ ಕೇಳಿದರೂ ಕರ್ನಲ್, ಅಂದರೆ ಮಷಿನ್ನಿನ ಮೂಲ ಪ್ರೋಗ್ರಾಂ, ಹೊರಗಿರುವ ನನ್ನ ಪುಟ್ಟ ಪ್ರೋಗ್ರಾಮನ್ನು ಕೂಗುತ್ತದೆ. ಅದು ಕೊಡುತ್ತದೆ. ಹನ್ನೆರಡೇ ಸಾಲು. ಇವತ್ತಿಗೂ ನೋಡಿದರೆ ಖುಷಿ.

ಐಡಿಯಾ ನಮ್ಮ ವಠಾರದ್ದೇ. ಐದು ಮನೆ, ಐವರೂ ಹೊರಗೆ ಹೋಗುವಾಗ ಬೀಗದ ಕೈ ನಿರ್ಮಲಮ್ಮನವರ ಕೈಗೆ. ಅವರ ಅಡುಗೆಮನೆ ಬಾಗಿಲ ಪಕ್ಕ ಐದು ಮೊಳೆ. ಮೊನ್ನೆ ಶನಿವಾರ ನಾನಿಲ್ಲದಾಗ ಗ್ಯಾಸಿನವನು ಬಂದು ಸಿಲಿಂಡರ್ ಬದಲಿಸಿ, ಖಾಲಿಯದನ್ನು ಒಯ್ದು, ಬಾಗಿಲು ಹಾಕಿ ಹೋಗಿದ್ದ. ಇಂಥ ಸುಖ ಬೇರೆಲ್ಲಿ ಸಿಗುತ್ತದೆ?

ಜೂನ್ 19, ಗುರುವಾರ. ಮಧ್ಯಾಹ್ನ 3.15

ಯಾವ ಕೋಣೆ ಯಾವ ಕೀ ಕೇಳಿತು ಎಂದು ಕರ್ನಲ್ ಬರೆದಿಡುವ ಲಾಗ್ ಫೈಲು ದಪ್ಪವಾಗಿತ್ತು, ಹಳೆಯದನ್ನು ಅಳಿಸೋಣ ಎಂದು ತೆರೆದೆ. ಅಳಿಸುವ ಮೊದಲು ಸುಮ್ಮನೆ ಕಣ್ಣಾಡಿಸಿದೆ.

ಜಗಳೂರಿನ 212ನೇ ಫೈಲಿನ ಕೀ. ಕೇಳಿದ್ದು ಹೊನ್ನಾಳಿ ಕೋಣೆ.

ಕೊಡಲಾಗಿದೆ.

ಒಂದಲ್ಲ, ಐದು ಸಲ. ಮೇ 28ರಿಂದ ಜೂನ್ 12ರೊಳಗೆ.

ಹನ್ನೆರಡು ಸಾಲನ್ನೂ ಮೊದಲಿನಿಂದ ಓದಿದೆ. ಯಾವ ಕೀ ಬೇಕು ಎಂದು ಕೇಳುತ್ತದೆ. ಆ ಹೆಸರಿನ ಕೀ ಹುಡುಕುತ್ತದೆ. ಕೊಡುತ್ತದೆ. ಕೇಳುತ್ತಿರುವವರು ಯಾರು, ಯಾವ ಕೋಣೆಯಿಂದ — ಎಲ್ಲೂ ಕೇಳಿಲ್ಲ. ನಾನೇ ಕೇಳಿಸಿಲ್ಲ! ಹೊರಗೆ ನಿಂತ ಪ್ರೋಗ್ರಾಮಿಗೆ ನಾಲ್ಕೂ ಕೋಣೆಯ ದನಿ ಒಂದೇ.

ಪ್ರೋಗ್ರಾಂ ನಿಲ್ಲಿಸಿದೆ. ಹತ್ತು ನಿಮಿಷಕ್ಕೆ ನಾಲ್ಕೂ ಕಡೆಯಿಂದ ಫೋನ್ ಶುರು. ಬಡಿದುಕೊಳ್ಳಲಿ.

212 ಯಾರದ್ದು? ತೆರೆದು ನೋಡಬಹುದು. ನನ್ನ ಹತ್ತಿರ ಎಲ್ಲರ ಕೀಯೂ ಇದೆ. ಬೆರಳು ಕೀಬೋರ್ಡಿನ ಮೇಲೇ ಇತ್ತು ಸ್ವಲ್ಪ ಹೊತ್ತು... ತೆಗೆದೆ.

ಜೂನ್ 20, ಶುಕ್ರವಾರ

ಜಗಳೂರು ಕೇಂದ್ರದ ಉಷಾರಾಣಿಗೆ ಫೋನ್ ಮಾಡಿದೆ. ಅಲ್ಲಿ ಹೆಂಗಸರ ಜೊತೆ ಕೂತು ಮಾತಾಡುವವರು ಅವರೇ. ನಂಬರ್ ಹೇಳಿದ ಕೂಡಲೇ ಎದ್ದು ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

‘ಮೇಡಂ, ಆಯಮ್ಮನ ಯಜಮಾನ ಹೋದ ಭಾನುವಾರ ಬಂದಿದ್ದ. ಆಯಮ್ಮ ಕೆಲಸ ಮಾಡೋ ಹೊಲಿಗೆ ಅಂಗಡಿ ಎದುರಿಗೆ ನಿಂತಿದ್ನಂತೆ. ಮಾತಿಲ್ಲ ಕತೆಯಿಲ್ಲ. ಒಂದು ತಾಸು ನಿಂತು ಹೋದ.’

‘ಅಂಗಡಿ ಅಡ್ರೆಸ್ ಫೈಲಲ್ಲಿ ಇತ್ತಾ?’

‘ಫೈಲಲ್ಲಿ ಬಿಟ್ರೆ ಬ್ಯಾರೆ ಎಲ್ಲೂ ಇಲ್ಲ. ನನಗೆ ಒಬ್ಬಳಿಗೇ ಗೊತ್ತಿದ್ದದ್ದು. ಅದಕ್ಕೇ ಆಯಮ್ಮ ನನ್ನೇ ಒಂಥರಾ ನೋಡಾಕೆ ಹತ್ಯಾರೆ.’

ಆ ಹೆಂಗಸು ಹೊನ್ನಾಳಿ ಕಡೆಯವರು. ಮೊದಲು ಹೊನ್ನಾಳಿ ಕೇಂದ್ರಕ್ಕೆ ಬಂದಿದ್ದರು, ಅಲ್ಲಿಂದ ದೂರ ಇರಲಿ ಎಂದು ಜಗಳೂರಿಗೆ ಕಳಿಸಿದ್ದರು. ಹೊನ್ನಾಳಿಯ ಹಳೇ ಫೈಲಿನಲ್ಲಿ ಒಂದು ಸಾಲು ಉಳಿದಿತ್ತಂತೆ: ಜಗಳೂರಿಗೆ ವರ್ಗ, ಸಂಖ್ಯೆ 212. ಅಷ್ಟು ಸಾಕಲ್ಲ.

ಸಂಜೆ 5

ಕಾರ್ಯದರ್ಶಿ ಮಹೇಶ್ವರಪ್ಪನವರಿಗೆ ಎಲ್ಲ ಹೇಳಿದೆ. ನನ್ನೆದುರೇ ಹೊನ್ನಾಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವುದು ಮಹಾಂತೇಶ್ ಒಬ್ಬರೇ. ಅಲ್ಲಗಳೆಯಲಿಲ್ಲ.

‘ಅವ್ರ ಯಜಮಾನ್ರು ನಮಗೆ ಸಂಬಂಧ ಆಗ್ಬೇಕು ಸಾರ್. ದಿನಾ ಬಂದು ಅಳೋರು. ಗಂಡ ಹೆಂಡ್ತಿ ಕೂತು ಮಾತಾಡಿದ್ರೆ ಸರಿಹೋಗ್ತೈತೆ ಅಂದ್ಕಂಡೆ. ಫೈಲು ಓಪನ್ ಆತು. ಓಪನ್ ಆಗಬಾರ್ದಾಗಿದ್ರೆ ಆಗ್ತಿರ್ಲಿಲ್ಲ ಅಲ್ಲಾ ಸಾರ್?’

ಕೊನೆಯ ಮಾತು ನನಗೆ ಹೇಳಿದ ಹಾಗಿತ್ತು. ಸಿಟ್ಟು ಬಂತು.

ಫೋನಿಟ್ಟ ಮೇಲೆ ಮಹೇಶ್ವರಪ್ಪನವರು, ‘ಆ ಹುಡುಗನ್ನ ಇವತ್ತೇ ತೆಗೀತೀನಿ. ನೀವು ತೂತು ಮುಚ್ಚಿದ್ರಲ್ಲ? ಮುಗೀತು. ಆಯಮ್ಮಂಗೆ ಇದೆಲ್ಲ ಹೇಳಿ ಯಾಕ್ ಹೆದರಿಸ್ತೀರಿ? ಟ್ರಸ್ಟಿನ ಹೆಸರೂ ಐತೆ ನೋಡ್ರಿ’ ಎಂದರು.

ಹೇಳದಿದ್ದರೆ ತಪ್ಪು ಉಷಾರಾಣಿಯ ತಲೆ ಮೇಲೆ. ಆ ಹೆಂಗಸಿಗೆ ಇದ್ದ ಒಂದೇ ಆಸರೆಯೂ ಹೋಗುತ್ತದೆ. ಇದನ್ನು ಮಹೇಶ್ವರಪ್ಪನವರಿಗೆ ಹೇಳಬೇಕಿತ್ತು. ‘ಸರಿ ಸಾರ್’ ಎಂದು ಎದ್ದು ಬಂದೆ. ನಾಚಿಕೆಗೇಡು.

ಜೂನ್ 21, ಶನಿವಾರ

ರಜೆ. ಬಟ್ಟೆ ಒಗೆದೆ. ನಿರ್ಮಲಮ್ಮನವರ ಕಟ್ಟೆ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದಾಗ ಒಬ್ಬ ಬಂದ. ಬಿಳಿ ಷರ್ಟು, ಕೈಯಲ್ಲಿ ಬ್ಯಾಗು. ಯಾರೋ ಏನೋ.

‘ಮೂರನೇ ಮನೆ ಬೀಗದ ಕೈ ಕೊಡ್ರಮ್ಮ.’

‘ಮೂರನೇದಾ?’ — ನಿರ್ಮಲಮ್ಮ ಒಳಗೆ ಹೋದರು, ಮೊಳೆಯಿಂದ ತೆಗೆದು ತಂದು ಕೊಟ್ಟರು.

‘ಯಾರು ಅಂತ ಕೇಳ್ಲಿಲ್ಲ ನೀವು’ ಎಂದೆ.

‘ಮೂರನೇ ಮನೆಯೋರ ಕಡೆಯೋರು ಅಲ್ವೇನವ್ವ? ಇಲ್ದಿದ್ರೆ ಮೂರನೇ ಮನೇದು ಯಾಕ್ ಕೇಳ್ತಾರೆ?’

ಆಮೇಲೆ ಗೊತ್ತಾಯಿತು, ನಿಜಕ್ಕೂ ಮೂರನೇ ಮನೆಯವರ ಭಾವಮೈದುನನೇ. ಆದರೂ ಉಳಿದ ಕಾಫಿಯನ್ನು ಗಿಡದ ಬುಡಕ್ಕೆ ಚೆಲ್ಲಿದೆ. ಇಪ್ಪತ್ತು ವರ್ಷದಿಂದ ನಿರ್ಮಲಮ್ಮ ಕೇಳುವುದು ಒಂದೇ ಪ್ರಶ್ನೆ, ಯಾವ ಮನೇದು? ಇಂಜಿನಿಯರಿಂಗ್ ಓದಿದ ನಾನು ಮಷಿನ್ನಿಗೆ ಕಲಿಸಿದ್ದೂ ಅದೊಂದನ್ನೇ. ನಿರ್ಮಲಮ್ಮ ಕನಿಷ್ಠ ಮುಖವಾದರೂ ನೋಡುತ್ತಾರೆ.

ಮಂಗಳವಾರ ಜಗಳೂರಿಗೆ ಹೋಗುತ್ತೇನೆ. ಮಹೇಶ್ವರಪ್ಪನವರಿಗೆ ರಜೆ ಎಂದಷ್ಟೇ ಹೇಳುತ್ತೇನೆ.

ಜೂನ್ 24, ಮಂಗಳವಾರ. ಬಸ್ಸಿನಲ್ಲಿ, ವಾಪಸ್

ಅಕ್ಷರ ಅಲ್ಲಾಡುತ್ತಿದೆ. ಈಗಲೇ ಬರೆಯದಿದ್ದರೆ ಆಮೇಲೆ ನನಗೆ ಅನುಕೂಲವಾಗುವ ಹಾಗೆ ಬರೆದುಬಿಡುತ್ತೇನೆ.

ಕೇಂದ್ರದಲ್ಲೇ ಸಿಕ್ಕೆವು. ಅವರ ಹೆಸರು ಪ್ರೇಮಲತಾ. ನಲವತ್ತರ ಆಸುಪಾಸು. ಸೆರಗಿಗೆ ದಾರದ ಎಳೆ ಅಂಟಿತ್ತು. ಉಷಾರಾಣಿ ಕುರ್ಚಿ ಹಾಕಿದರೆ ಅವರ ಕಡೆ ನೋಡದೆ ಕೂತರು.

ನಾನು ಹೇಳಿದೆ. ‘ಪಕ್ಕದ ಮನೇಲಿ ಬೀಗದ ಕೈ ಕೊಟ್ಟು ಹೋಗ್ತೀವಲ್ಲ, ಹಂಗೆ ಮಾಡಿಟ್ಟಿದ್ದೆ ರೀ. ಯಾರು ಕೇಳಿದ್ರೂ ಕೊಡೋ ಹಂಗೆ. ಹೊನ್ನಾಳಿ ಕೇಂದ್ರದ ಹುಡುಗ ಕೇಳಿದ, ಅದು ಕೊಟ್ಟುಬಿಡ್ತು. ಉಷಾರಾಣಿ ಅವ್ರದ್ದು ಏನೂ ತಪ್ಪಿಲ್ಲ. ತಪ್ಪು ನಂದು.’

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಉಷಾರಾಣಿಯ ಕಡೆ ತಿರುಗಿ, ‘ಒಂಬತ್ತು ದಿನ ಆತು ನಾನು ನಿಮ್ಮನ್ನ ಸರಿಯಾಗಿ ಮಾತಾಡ್ಸಿ’ ಎಂದರು. ಉಷಾರಾಣಿಯ ಕಣ್ಣು ತುಂಬಿತು. ನನ್ನದೂ.

ಆಮೇಲೆ ನನ್ನನ್ನು ಕೇಳಿದರು. ‘ಈಗ ನನ್ನ ಕೀ ಯಾರ ತಾವ ಐತೆ?’

‘ನನ್ನ ಹತ್ರ.’

‘ಅಂದ್ರೆ ನೀವು ಓದಬೌದು.’

‘ಓದಬಹುದು. ಓದಿಲ್ಲ ರೀ. ಆಣೆ ಮಾಡಿ ಹೇಳ್ತೀನಿ.’

‘ಮೊದ್ಲನೇ ದಿನ ಆ ಹುಡುಗನೂ ಓದಿರ್ಲಿಲ್ಲ’ ಎಂದರು. ಜಗಳವಾಡುವ ದನಿಯಲ್ಲ. ಬಟ್ಟೆ ಅಳತೆ ಹೇಳುವ ಹಾಗೆ.

ಎದ್ದು ಹೊರಟಾಗ ಬಾಗಿಲಲ್ಲಿ ನಿಂತು ಹೇಳಿದರು: ‘ಅಂಗಡಿಯೋರು ಕಿಟಕಿ ಪಕ್ಕದ ಮಿಷನ್ ಕೊಟ್ಟಿದ್ರು. ಬೆಳಕು ಚೆನ್ನಾಗಿತ್ತು. ಇನ್ನು ಬ್ಯಾರೆ ಊರು ನೋಡ್ಬೇಕು. ಮೂರನೇದು.’

ನನ್ನ ಹನ್ನೆರಡು ಸಾಲಿಗೆ ಒಬ್ಬರು ಊರು ಬಿಡಬೇಕು. ದಾವಣಗೆರೆಯಲ್ಲಿ ಬಸ್ ಬದಲಿಸುವಾಗ ತಿನ್ನಲು ಏನೋ ಕೊಂಡೆ. ಪೊಟ್ಟಣ ಇನ್ನೂ ಬಿಚ್ಚಿಲ್ಲ.

ಜುಲೈ 11, ಶುಕ್ರವಾರ

ಹದಿನೇಳು ದಿನ ಬರೆದಿಲ್ಲ. ಬರೆದದ್ದೆಲ್ಲ ಮಷಿನ್ನಿಗೆ.

ಹೊರಗಿನ ಪ್ರೋಗ್ರಾಂ ಅಳಿಸಿದೆ. ಈಗ ಕೋಣೆಯೊಳಗೆ ಕೀ ಕೇಳಿದರೆ ಉತ್ತರವೂ ಅದೇ ಕೋಣೆಯೊಳಗಿಂದ. ಕೂಗು ಹೊರಗೆ ಬರುವುದೇ ಇಲ್ಲ. ಪ್ರತಿ ಕೇಂದ್ರದವರು ಬೆಳಿಗ್ಗೆ ತಮ್ಮ ಪಾಸ್‌ವರ್ಡ್ ಹಾಕಿದರೆ ಮಾತ್ರ ಅವರ ಕೀಗಳು ಏಳುತ್ತವೆ. ಆ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಮಷಿನ್ ನನ್ನ ಕೈಯಲ್ಲಿರುವಾಗ ಗೋಡೆ ಒಡೆಯುವ ದಾರಿ ಯಾವತ್ತೂ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಒಡೆಯಲು ಹೋದರೆ ಉಷಾರಾಣಿಯ ಮೊಬೈಲಿಗೆ ಮೆಸೇಜ್ ಹೋಗುತ್ತದೆ, ಅದನ್ನೂ ನಾನೇ ಮಾಡಿಟ್ಟೆ.

ಜಗಳೂರಿಗೆ ಹೋಗಿ ಬಂದದ್ದನ್ನೂ ಮಹೇಶ್ವರಪ್ಪನವರಿಗೆ ಹೇಳಿದೆ. ಮುಖ ಗಂಟಿಕ್ಕಿದರು. ‘ಉಷಾರಾಣಿ ಪಾಸ್‌ವರ್ಡ್ ಮರೆತ್ರೆ ಏನ್ ಗತಿ?’

‘ಫೈಲು ಹೋದಂಗೇ ಸಾರ್. ಪ್ರೇಮಲತಾ ಅವ್ರ ಹತ್ರ ಅವ್ರ ಫೈಲಿನ ಕೀ ಬರೆದ ಒಂದು ಚೀಟಿ ಇರ್ತೈತೆ, ಅದೊಂದೇ.’

‘ಅಲ್ರೀ, ಟ್ರಸ್ಟಿಗಿಂತ ಆಯಮ್ಮನ ಮ್ಯಾಲೆ ನಂಬಿಕೆನಾ?’

‘ಫೈಲು ಅವರದ್ದಲ್ವಾ ಸಾರ್’ ಎಂದೆ. ಈ ಸಲ ನಾಲಿಗೆ ಕೈಕೊಡಲಿಲ್ಲ. ಪೇಪರ್‌ವೇಟ್ ಸರಿಸಿ, ಹೊಸ ವ್ಯವಸ್ಥೆಯ ಕಾಗದಕ್ಕೆ ಸಹಿ ಹಾಕಿದರು.

ಮನೆಗೆ ಬಂದು ಮೊಳೆಯಿಂದ ನನ್ನ ಬೀಗದ ಕೈಯನ್ನೂ ತೆಗೆದುಕೊಳ್ಳೋಣ ಎಂದು ಹೋದೆ. ನಿರ್ಮಲಮ್ಮ ಮುಖ ನೋಡಿದರು. ‘ಯಾಕವ್ವಾ, ನಾನೇನಾದ್ರೂ ಮಾಡಿದ್ನಾ?’ ಅಲ್ಲೇ ಬಿಟ್ಟು ಬಂದೆ. ನನ್ನ ಮನೆ ಹುಡುಕಿಕೊಂಡು ಬಂದು ಎದುರಿಗೆ ಒಂದು ತಾಸು ನಿಲ್ಲುವವರು ಯಾರೂ ಇಲ್ಲ. ಇದು ಪುಣ್ಯ ಎಂದು ನನಗೆ ಇಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಜುಲೈ 18, ಶುಕ್ರವಾರ. ಬೆಳಿಗ್ಗೆ 10.05

ಉಷಾರಾಣಿ ಫೋನ್ ಮಾಡಿದ್ದರು. ‘ಆಯಮ್ಮ ಹೋದ್ರು ಮೇಡಂ. ಹೊಸ ಅಡ್ರೆಸ್ ಫೈಲಿಗೆ ಹಾಕಿದೀನಿ. ಒಂದ್ಸಲ ನೋಡ್ರಿ, ಬೀಗ ಸರಿಯಾಗಿ ಬಿದ್ದೈತಾ ಅಂತ.’

ಹೊರಗೆ ನಿಂತು 212ರ ಕೀ ಕೇಳಿದೆ. ಇಲ್ಲ ಎಂದಿತು. ಹೊನ್ನಾಳಿ ಕೋಣೆಯೊಳಗೆ ಹೋಗಿ ಕೇಳಿದೆ. ಅಲ್ಲೂ ಇಲ್ಲ. ಮತ್ತೆ ಹೊರಗಿನಿಂದ. ಇಲ್ಲ.

ಇಷ್ಟು ವರ್ಷದ ಕೆಲಸದಲ್ಲಿ ಮಷಿನ್ ನನಗೆ ಇಲ್ಲ ಎಂದಿದ್ದಕ್ಕೆ ಸಂತೋಷಪಟ್ಟದ್ದು ಇದೇ ಮೊದಲು. ಎದ್ದು ಬಕೆಟ್ ನೀರು ಚೆಲ್ಲಿ ಬಂದೆ.

ಎಲ್ಲಿದ್ದಾರೋ. ಅಲ್ಲಿ ಹೊಲಿಗೆ ಮಿಷನ್ ಸಿಕ್ಕಿತೋ ಇಲ್ಲವೋ. ಕಿಟಕಿ ಪಕ್ಕವೋ, ಗೋಡೆ ಪಕ್ಕವೋ... ಉಷಾರಾಣಿಯನ್ನು ಒಂದು ಮಾತು ಕೇಳಿದರೆ ಹೇಳುತ್ತಾರೆ. ನಾನು ಕೇಳಿದರೆ ಇಲ್ಲ ಎನ್ನುವುದಿಲ್ಲ. ಕೆಡುಕು ಬಯಸಿ ಅಲ್ಲ, ಚೆನ್ನಾಗಿದ್ದಾರಾ ಅಂತ ಅಷ್ಟೇ —

ಮಹಾಂತೇಶನೂ ಅಷ್ಟೇ ಅಂದುಕೊಂಡಿದ್ದ.

ಫೋನ್ ಕೈಯಲ್ಲೇ ಇದೆ. ನಂಬರ್ ಒತ್ತಿದ್ದೇನೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ.