ಗ್ರಿಮ್ಸ್‌ಬಿಯಿಂದ ಬಂದ ಮೂವರು

ಎಡಿಸನ್, ನ್ಯೂಜೆರ್ಸಿ
16 ಜುಲೈ 2000, ಭಾನುವಾರ

ಪ್ರೀತಿಯ ಶಿವಗಂಗಾ,

ಏಪ್ರಿಲ್‌ನಲ್ಲಿ ನೀನು ಬರೆದ ಕಾಗದಕ್ಕೆ ಜುಲೈನಲ್ಲಿ ಉತ್ತರ ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಮೈಸೂರಿನ ಹಾಸ್ಟೆಲಿನಲ್ಲಿ ನಿನ್ನ ಮೈಸೋಪು ತೆಗೆದುಕೊಂಡು ಕರಗಿಸಿಬಿಟ್ಟಿದ್ದಾಗ ಬೈದೆಯಲ್ಲ, ಅಷ್ಟಾದರೆ ಸಾಕು. ನಿನ್ನ ಮಗಳು ಅಕ್ಷತಾಗೆ ಬಿ.ಎಡ್. ಸೀಟು ಸಿಕ್ಕಿದ್ದು ಓದಿ ತುಂಬ ಸಂತೋಷವಾಯಿತು. ನಿನ್ನ ಮಂಡಿನೋವಿನ ವಿಷಯ ಓದಿ ಆಗಲಿಲ್ಲ. ಲೈಬ್ರರಿಯಲ್ಲಿ ಏಣಿ ಹತ್ತುವ ಕೆಲಸವನ್ನು ಇನ್ನಾದರೂ ಬೇರೆಯವರಿಗೆ ಬಿಡು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಮ್ಮ ಯಜಮಾನರು ಪುಟ್ಟಸ್ವಾಮಿಯವರ ಕೆಲಸ ಗಟ್ಟಿಯಾಗಿದೆ. ಲೆಸ್ಟರ್‌ನ ಬನಿಯನ್ ಗಿರಣಿಯ ಆಫೀಸಿನಲ್ಲಿ ಇಪ್ಪತ್ತು ವರ್ಷ ಇವರು ಬರೆದ ಹಳೆಯ ಕಂಪ್ಯೂಟರ್ ಭಾಷೆ ಅಲ್ಲಿ ಯಾರಿಗೂ ಬೇಡವಾಗಿತ್ತು. ಇಲ್ಲಿ, ಇಸವಿ ಬದಲಾದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ವೈ-ಟು-ಕೆ ಗಲಾಟೆಯಲ್ಲಿ, ಎಲ್ಲರಿಗೂ ಬೇಕಾಯಿತು. ಎರಡು ಸಾವಿರ ಇಸವಿ ಬಂದು ಏನೂ ಆಗದೆ ಹೋದಾಗ ಕೆಲಸಕ್ಕೆ ಸಂಚಕಾರ ಬಂತೆಂದು ಹೆದರಿದ್ದೆವು. ಬರಲಿಲ್ಲ. ಈಗ ಉಪ್ಪಿನಕಾಯಿ ಮಾರುವವರಿಗೂ ಇಂಟರ್‌ನೆಟ್ಟಿನಲ್ಲಿ ಅಂಗಡಿ ಬೇಕಂತೆ.

ನಾದಿನಿ ಹಾಕಿದ್ದ ಗ್ರೀನ್ ಕಾರ್ಡ್ ಅರ್ಜಿ ಹನ್ನೆರಡು ವರ್ಷಕ್ಕೆ ಹಣ್ಣಾಗಿ ನಾವು ಲೆಸ್ಟರ್ ಬಿಟ್ಟದ್ದು, ಅಷ್ಟರಲ್ಲಿ ಇಪ್ಪತ್ತೊಂದು ತುಂಬಿಬಿಟ್ಟಿದ್ದರಿಂದ ಮಗ ವಿಜಯ್ ಅಲ್ಲೇ ಉಳಿಯಬೇಕಾದದ್ದು ನಿನಗೆ ಗೊತ್ತೇ ಇದೆ. ಅವನ ವಿಷಯ ಕೇಳಿದ್ದೀಯ. ಬರೆಯುತ್ತೇನೆ. ಮೊದಲು ನನ್ನ ಕೆಲಸದ ಕಡೆ ನಡೆದದ್ದನ್ನು ಹೇಳಿಬಿಡುತ್ತೇನೆ.

ನಾನು ಹೋಬೋಕನ್‌ನ ಒಂದು ಅತಿಥಿಗೃಹದಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಯಿತು. ಎಡಿಸನ್‌ನಿಂದ ಎರಡು ರೈಲು ಬದಲಾಯಿಸಿ ಹೋಗಬೇಕು. ಹಡ್ಸನ್ ನದಿಯ ಈಚೆ ದಡದ ಊರು ಅದು. ಎದುರಿಗೆ ಇಡೀ ಮ್ಯಾನ್‌ಹಟನ್ ಕಾಣುತ್ತದೆ. ಹನ್ನೊಂದು ಕೋಣೆಗಳ ಹಳೆಯ ಕಲ್ಲಿನ ಮನೆ. ಒಡತಿ ಮಾರ್ಗ್ರೀಟ್ ಹಾಲೆಂಡಿನವಳು, ಅರವತ್ತು ದಾಟಿದ ವಿಧವೆ. ಆಕೆಯ ಗಂಡ ಹಡಗಿನ ಇಂಜಿನಿಯರ್ ಆಗಿದ್ದರು. ಅವರು ಕೈಯಾರೆ ಮಾಡಿದ ಮೂರು ಕಂಬದ ಹಾಯಿಹಡಗೊಂದನ್ನು ಆಕೆ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾಳೆ. ಅದರ ಧೂಳನ್ನು ಬೇರೆ ಯಾರಿಗೂ ಒರೆಸಲು ಬಿಡುವುದಿಲ್ಲ.

ಮ್ಯಾನ್‌ಹಟನ್ನಿನಲ್ಲಿ ಕೋಣೆ ಸಿಗದ ಕಂಪ್ಯೂಟರ್‌ನವರು ನಮ್ಮಲ್ಲಿಗೆ ಬರುತ್ತಾರೆ. ಅವರನ್ನು ಬಿಟ್ಟರೆ ಬರುವವರೆಲ್ಲ ಯುರೋಪಿನವರೇ. ಬೆಳಗಿನ ತಿಂಡಿಗೆ ಎಲ್ಲರೂ ಒಂದೇ ಉದ್ದನೆಯ ಮೇಜಿಗೆ ಕೂರುತ್ತಾರೆ. ಕಾಫಿ ಕೊಡುತ್ತ ನಾನು ಕಿವಿ ತೆರೆದಿಟ್ಟುಕೊಂಡಿರುತ್ತೇನೆ. ಗಂಗಾ, ನಾವು ಬಿಳಿಯರೆಲ್ಲ ಒಂದೇ ಅಂದುಕೊಂಡು ಬೆಳೆದವರಲ್ಲವೇ? ಇಂಗ್ಲಿಷರೆಂದರೆ ಉಳಿದವರಿಗೆ ಎಷ್ಟು ಅಸಮಾಧಾನ ಅನ್ನುವುದನ್ನು ನಾನು ಕಂಡದ್ದೇ ಇಲ್ಲಿ.

ಬುಕಿಂಗ್ ಪುಸ್ತಕದಲ್ಲಿ ಇಂಗ್ಲಿಷರ ಹೆಸರಿನ ಪಕ್ಕದಲ್ಲಿ ಮಾರ್ಗ್ರೀಟ್ ಕೆಂಪು ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಾಳೆ. ಅವರಿಗೆ ಹಿಂಬದಿಯಲ್ಲಿ ಬಾಯ್ಲರ್ ಪಕ್ಕದ ಕೋಣೆಗಳೇ ಗತಿ. ಅವರು ಬಂದಿಳಿದ ದಿನ ಮದ್ಯದ ಬೀರುವಿಗೆ ಬೀಗ ಬೀಳುತ್ತದೆ. "ನೀನು ಅಲ್ಲೇ ಇದ್ದವಳು ನಳಿನಿ, ಅವರ ಬುದ್ಧಿ ನಿನಗೆ ನಾನು ಹೇಳಬೇಕೇ? ಮೂರು ಗ್ಲಾಸು ಒಳಗೆ ಹೋಗಲಿ, ಕುರ್ಚಿ ಎಸೆಯುತ್ತಾರೆ," ಅನ್ನುತ್ತಾಳೆ. ನಳಿನಾಕ್ಷಿ ಅನ್ನಲು ಬಾರದೆ ಆಕೆ ನನ್ನನ್ನು ನಳಿನಿ ಮಾಡಿಕೊಂಡಿದ್ದಾಳೆ. ಸ್ಪೇನಿನ ಸಮುದ್ರತೀರದ ಊರಿನಿಂದ ಬಂದ ಹೆಂಗಸೊಬ್ಬಳು, "ಬೇಸಿಗೆ ಬಂದರೆ ನಮ್ಮ ಬೀದಿಯಲ್ಲಿ ನಾವೇ ನಡೆಯುವ ಹಾಗಿಲ್ಲ," ಎಂದಳು. ಜರ್ಮನಿಯ ಗಂಡಹೆಂಡಿರು ಮೇಜಿನಲ್ಲಿ ಇಂಗ್ಲಿಷ್ ಉಚ್ಚಾರಣೆ ಕೇಳಿದರೆ ತಟ್ಟೆ ಹಿಡಿದು ಆ ತುದಿಗೆ ಹೋಗುತ್ತಾರೆ. ಎಲ್ಲರೂ ಹಾಗಲ್ಲ. "ಒಬ್ಬೊಬ್ಬರೇ ಬಂದರೆ ಬಂಗಾರದಂಥ ಜನ. ಗುಂಪಾಗಿ ಬರಬಾರದು," ಎಂದು ಒಬ್ಬ ನಾರ್ವೆಯವನು ಹೇಳಿದ್ದ.

ನಿನ್ನ ಹತ್ತಿರ ಮುಚ್ಚಿಡುವುದೇನು? ಮೊದಮೊದಲು ನನಗೆ ಇದೆಲ್ಲ ಒಳಗೊಳಗೇ ಹಿತವಾಗಿತ್ತು. ಎಪ್ಪತ್ತಾರರಲ್ಲಿ ನಾವು ಲೆಸ್ಟರ್‌ಗೆ ಬಂದಾಗ ಮನೆ ನೋಡಲು ಹೋದ ಕಡೆಯೆಲ್ಲ ಬಾಗಿಲು ತೆರೆದು ನಮ್ಮ ಮುಖ ನೋಡಿ, "ಅಯ್ಯೋ, ಈಗ ತಾನೇ ಬೇರೆಯವರಿಗೆ ಕೊಟ್ಟುಬಿಟ್ಟೆವಲ್ಲ," ಅನ್ನುತ್ತಿದ್ದರು. ಅಂಥವರನ್ನು ನಾನೇ ಬಾಯ್ಲರ್ ಪಕ್ಕಕ್ಕೆ ಕರೆದೊಯ್ದು ಬೀಗದ ಕೈ ಕೊಡುವಾಗ ನಗು ತಡೆದುಕೊಳ್ಳಬೇಕಾಗುತ್ತಿತ್ತು. ನನ್ನ ಕೈಚೀಲದಲ್ಲಿರುವುದೂ ಬ್ರಿಟಿಷ್ ಪಾಸ್‌ಪೋರ್ಟೇ ಎಂದು ಮಾರ್ಗ್ರೀಟ್‌ಗೆ ನಾನು ಹೇಳಿರಲಿಲ್ಲ. ಆಕೆ ಕೇಳಿರಲೂ ಇಲ್ಲ.

ಈ ತಿಂಗಳ ನಾಲ್ಕನೇ ತಾರೀಖು ಹಡ್ಸನ್ ನದಿಯಲ್ಲಿ ಹಾಯಿಹಡಗುಗಳ ಮೆರವಣಿಗೆ ಇತ್ತು. ಲೋಕದ ಮೂಲೆಮೂಲೆಯಿಂದ ಹಡಗುಗಳು ಬಂದಿದ್ದವು. ಊರಿನಲ್ಲೆಲ್ಲೂ ಕೋಣೆಯಿಲ್ಲ. ನಮ್ಮಲ್ಲಿಗೆ ಗ್ರಿಮ್ಸ್‌ಬಿ ಎಂಬ ಇಂಗ್ಲೆಂಡಿನ ಮೀನುಗಾರರ ಊರಿನಿಂದ ಮೂವರು ಬಂದರು. ಹಿರಿಯವನು ಕೆನ್, ಬಸ್ ಓಡಿಸಿ ನಿವೃತ್ತನಾದವನು. ಜೊತೆಗೆ ಅವನ ತಮ್ಮ ಮತ್ತು ಭಾವಮೈದುನ. ಮೂವರದೂ ಬೋಳುತಲೆ, ತೋಳಿನ ತುಂಬ ಹಚ್ಚೆ, ಕೆಂಪಗೆ ಸುಟ್ಟ ಕುತ್ತಿಗೆ. ಬೆಲ್ಜಿಯಂನಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಹೋದ ಇಂಗ್ಲಿಷರು ಚೌಕದಲ್ಲಿ ಕುರ್ಚಿ ಎಸೆದದ್ದನ್ನು ಜೂನ್‌ನಲ್ಲಿ ದಿನಗಟ್ಟಲೆ ಟೀವಿಯಲ್ಲಿ ತೋರಿಸಿದ್ದರು. ಮಾರ್ಗ್ರೀಟ್ ಇವರನ್ನು ನೋಡಿದವಳೇ ಹಜಾರದಲ್ಲಿದ್ದ ಹೂದಾನಿಯನ್ನೂ ಎತ್ತಿ ಒಳಗಿಟ್ಟಳು.

ಅವರು ಮಾಡುತ್ತಿದ್ದ ಕೆಲಸವೆಂದರೆ ಆ ಗಾಜಿನ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತು ಹಡಗು ನೋಡುವುದು. ಮನೆಯಲ್ಲಿ ಅವರೂ ಇಂಥವನ್ನು ಮಾಡುವವರಂತೆ. "ಈ ಹಗ್ಗಗಳನ್ನು ನೋಡು ತಾಯಿ, ಒಂದೂ ತಪ್ಪಿಲ್ಲ," ಎಂದು ಕೆನ್ ನನ್ನನ್ನು ಕರೆದು ತೋರಿಸಿದ. ಮಾರ್ಗ್ರೀಟ್ ದೂರದಿಂದ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು.

ನಾಲ್ಕನೇ ತಾರೀಖು ಮಧ್ಯಾಹ್ನ ಎಲ್ಲರೂ ನದಿಯ ದಡಕ್ಕೆ ಹೋಗಿದ್ದರು. ಮೂರು ಗಂಟೆಯ ಹೊತ್ತಿಗೆ ನಾನು ಟವೆಲ್ಲುಗಳನ್ನು ಎದೆಗೊತ್ತಿಕೊಂಡು ಮಹಡಿ ಇಳಿಯುತ್ತಿದ್ದೆ. ಸೊರೆನ್ಸನ್ ಎಂಬ ಡೆನ್ಮಾರ್ಕಿನ ಮೇಷ್ಟ್ರು, ಪ್ರತಿ ವರ್ಷ ಬರುವವರು, ಮಾರ್ಗ್ರೀಟ್‌ಗೆ ಬಹಳ ಬೇಕಾದವರು, ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲಿಟ್ಟುಕೊಂಡು ಹಜಾರದಲ್ಲಿ ಗಕ್ಕನೆ ತಿರುಗಿದರು. ಸ್ಟ್ಯಾಂಡಿನ ಕಾಲು ಗಾಜಿಗೆ ತಗುಲಿತು. ಗಾಜು ಒಡೆದು ಒಳಗೆ ಬಿತ್ತು. ಹಡಗಿನ ನಡುವಿನ ಕಂಬ ಮುರಿಯಿತು. ಅವರು ಒಂದು ಗಳಿಗೆ ನಿಂತು ನೋಡಿ, ಬಾಗಿಲು ತೆಗೆದು ಹೊರಟುಹೋದರು. ಮೆಟ್ಟಿಲ ಮೇಲೆ ನಾನಿದ್ದದ್ದನ್ನು ನೋಡಲಿಲ್ಲ. ಹೆಂಗಸು ಗಂಡನ ನೆನಪಿಗೆ ಇಟ್ಟುಕೊಂಡದ್ದು, ಸಂಜೆ ತಾವೇ ಹೇಳಿಕೊಳ್ಳುತ್ತಾರೆ ಎಂದು ನಾನು ಸುಮ್ಮನಾದೆ.

ಅಡುಗೆಮನೆಗೆ ಹೋಗಿದ್ದ ನನಗೆ ಆರು ಗಂಟೆಗೆ ಮಾರ್ಗ್ರೀಟ್‌ಳ ಕೂಗು ಕೇಳಿಸಿತು. ಬಂದು ನೋಡಿದರೆ ಹಜಾರದ ತುಂಬ ಜನ. ಆಕೆಯ ಕಣ್ಣಲ್ಲಿ ನೀರು. ಆಕೆ ಯಾರನ್ನೂ ಏನೂ ಕೇಳಲಿಲ್ಲ. ನೇರವಾಗಿ ಕೆನ್‌ನ ಮುಂದೆ ನಿಂತು, "ಒಂದು ಗಂಟೆ ಸಮಯ ಕೊಡುತ್ತೇನೆ. ಸಾಮಾನು ಕಟ್ಟಿಕೊಂಡು ಹೊರಡಿ," ಎಂದಳು.

"ನಾವು ಮುಟ್ಟಿಲ್ಲ ಮೇಡಂ," ಎಂದ ಕೆನ್.

"ಬೆಳಗ್ಗೆ ಇವರು ಇಲ್ಲಿ ನಗುತ್ತಿದ್ದದ್ದು ನಮಗೆ ಕೇಳಿಸಿತ್ತು," ಎಂದ ಆ ವಾರ ಹೆಂಡತಿಯೊಂದಿಗೆ ತಂಗಿದ್ದ ಜರ್ಮನಿಯವನು. ನಗುವುದೂ ಸಾಕ್ಷಿಯಾಯಿತು ನೋಡು. ಸೊರೆನ್ಸನ್ ಅಲ್ಲೇ ಇದ್ದರು. "ಇಂಥ ಜನ ಎಲ್ಲಿ ಹೋದರೂ ಹೀಗೇ," ಎಂದು ನೆಲ ನೋಡುತ್ತ ಹೇಳಿದರು. ಕೆನ್‌ನ ತಮ್ಮ ಮುಷ್ಟಿ ಬಿಗಿದ. ಕೆನ್ ಅವನ ತೋಳು ಹಿಡಿದು, "ಬಿಡು, ಎಷ್ಟು ಸಲ ಆಗಿಲ್ಲ. ನಡಿ," ಎಂದು ಒಳಗೆ ಕರೆದುಕೊಂಡು ಹೋದ.

ನಾನು ಏನು ಮಾಡಿದೆ ಅನ್ನುತ್ತೀಯಾ? ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದೆ. ಕೆಲಸದ ಭಯ ಒಂದು. ಅಷ್ಟು ದೊಡ್ಡ ಮೇಷ್ಟ್ರನ್ನು ಸುಳ್ಳುಗಾರ ಅನ್ನುವುದು ಹೇಗೆ ಅನ್ನುವುದು ಇನ್ನೊಂದು. ಆದರೆ ಹಿಂದಿನ ಕೋಣೆಗೆ ಹೋಗಿ ನೋಡಿದಾಗ ಕೆನ್ ಹಾಸಿಗೆಯ ಹೊದಿಕೆಯನ್ನು ನಾಲ್ಕು ಮೂಲೆ ಸರಿಮಾಡಿ ಹಾಸುತ್ತಿದ್ದ. ಹೊರಗೆ ಹಾಕಿಸಿಕೊಂಡವನು ಹಾಸಿಗೆ ಸರಿಮಾಡುತ್ತಿದ್ದಾನೆ! "ಸಾರಿ ಲವ್, ನಿನಗೂ ತೊಂದರೆ," ಎಂದ. ಅಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ.

ಹಜಾರಕ್ಕೆ ಬಂದು ಎಲ್ಲರ ಮುಂದೆ ಹೇಳಿದೆ: "ಒಡೆದದ್ದು ಅವರಲ್ಲ. ಸೊರೆನ್ಸನ್ ಅವರ ಸ್ಟ್ಯಾಂಡ್ ತಗುಲಿ ಒಡೆಯಿತು. ನಾನು ಮೆಟ್ಟಿಲ ಮೇಲಿದ್ದೆ."

ಮಾರ್ಗ್ರೀಟ್ ನನ್ನನ್ನೇ ನೋಡಿದಳು. "ಅವರನ್ನು ಯಾಕೆ ಕಾಪಾಡುತ್ತಿದ್ದೀಯ ನಳಿನಿ?"

"ಕಂಡದ್ದು ಹೇಳಿದೆ. ಇನ್ನೊಂದು ಮಾತು, ನಾನೂ ಬ್ರಿಟಿಷ್ ಪ್ರಜೆಯೇ. ನನ್ನ ಹೆಸರಿನ ಪಕ್ಕದಲ್ಲೂ ಒಂದು ಗೀಟು ಹಾಕಿಕೊಳ್ಳಿ."

ಆಕೆ ಅಷ್ಟು ಸಿಟ್ಟಿನಲ್ಲೂ ನಕ್ಕುಬಿಟ್ಟಳು. "ನೀನು ಯಾವ ಬ್ರಿಟಿಷ್! ನೀನು ಇಂಡಿಯನ್. ನಿನ್ನ ಮೇಲೆ ನನಗೆ ಯಾವ ಅನುಮಾನವೂ ಇಲ್ಲ." ಜರ್ಮನಿಯವರೂ ತಲೆಯಾಡಿಸಿದರು. ನನಗೆ ಮರ್ಯಾದೆ ಕೊಟ್ಟರೋ ಕಿತ್ತುಕೊಂಡರೋ ಇನ್ನೂ ತಿಳಿದಿಲ್ಲ.

ಅಷ್ಟರಲ್ಲಿ ಸೊರೆನ್ಸನ್ ಕೂತುಬಿಟ್ಟರು. ಕಿವಿಯವರೆಗೆ ಕೆಂಪಾಗಿದ್ದರು. "ಹೇಳಬೇಕೆಂದೇ ಇದ್ದೆ. ಆಕೆ ಅಳುವುದನ್ನು ನೋಡಿ ಬಾಯಿ ಬರಲಿಲ್ಲ," ಎಂದರು. ಮಾರ್ಗ್ರೀಟ್ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಮುಖ ತೊಳೆದು ಬಂದು ಹಿಂಬದಿಯ ಕೋಣೆಯ ಬಾಗಿಲಲ್ಲಿ ನಿಂತು, "ಇರಬಹುದು ನೀವು," ಎಂದಳು. ಕ್ಷಮಿಸಿ ಅನ್ನಲಿಲ್ಲ. ಆಕೆಗೆ ಅಷ್ಟೇ ಸಾಧ್ಯವಾದದ್ದು.

ಮಾರನೆಯ ದಿನ ತಿಂಡಿ ಆದ ಮೇಲೆ ಕೆನ್ ಅದೇ ಉದ್ದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ನನ್ನ ಹೊಲಿಗೆಯ ದಾರ ಇಸಿದುಕೊಂಡು, ಮುರಿದ ಕಂಬ ಕೂಡಿಸಲು ಕೂತ. ಆ ದಪ್ಪ ಬೆರಳುಗಳಲ್ಲಿ ಅಷ್ಟು ಸಣ್ಣ ಗಂಟುಗಳು ಹೇಗೆ ಬಂದವೋ. ಮಧ್ಯಾಹ್ನದವರೆಗೂ ಮಾಡಿದ. ಮಾರ್ಗ್ರೀಟ್ ಮೊದಲು ದೂರ ನಿಂತಿದ್ದಳು, ಆಮೇಲೆ ಕಾಫಿ ತಂದಿಟ್ಟಳು, ಕೊನೆಗೆ ಎದುರಿಗೆ ಕೂತು ಗಂಡನ ವಿಷಯ ಮಾತಾಡತೊಡಗಿದಳು. ಆದರೂ ಬೀರುವಿನ ಬೀಗ ತೆಗೆಯಲಿಲ್ಲ ಅನ್ನು!

ಹೊರಡುವ ದಿನ ಕೆನ್, "ನಮ್ಮ ಹಾಗೇ ಮಾತಾಡ್ತೀಯಲ್ಲ, ಎಲ್ಲಿ ಕಲಿತೆ?" ಎಂದು ಕೇಳಿದ. ಲೆಸ್ಟರ್, ಇಪ್ಪತ್ತೆರಡು ವರ್ಷ ಎಂದೆ. "ಲೆಸ್ಟರ್! ಸರಿ, ಆದರೆ ನಿಜವಾಗಿ ಯಾವೂರು?" ಎಂದ. ನಂಜನಗೂಡು ಎಂದೆ. ಮೂವರೂ ಹೇಳಲು ಪ್ರಯತ್ನಪಟ್ಟು ಸೋತು ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಹೇಳಿದರೆ ಇವರು, "ನಿಂಗ್ಯಾಕೆ ಬೇಕಿತ್ತು ಅವರ ಉಸಾಬರಿ? ಕೆಲ್ಸ ಹೋಗಿದ್ರೆ ಏನ್ಮಾಡ್ತಿದ್ದೆ? ಸುಮ್ನೆ ಟೆನ್ಷನ್ ತಗೋತೀಯ," ಎಂದರು. ಆಮೇಲೆ ಊಟ ಮಾಡುತ್ತ, "ಆದ್ರೂ ಹೇಳಿದ್ದು ಒಳ್ಳೇದಾಯ್ತು ಬಿಡು," ಎಂದು ತಾವಾಗಿಯೇ ಸೇರಿಸಿದರು.

ಇಷ್ಟೇ ಸುದ್ದಿ. ಅಕ್ಷತಾಗೆ ನನ್ನ ಆಶೀರ್ವಾದ. ಅವಳ ಮುಂದೆ ಕೂರುವ ಮಕ್ಕಳು ಅವಳಿಗೆ ಹೆದರದೆ ಅವಳ ಮಾತು ಕೇಳಲಿ. ನಿನ್ನ ಮಂಡಿಗೂ ಮನಸ್ಸಿಗೂ ನೆಮ್ಮದಿ ಇರಲಿ.

ನಿನ್ನವಳೇ ಆದ
ನಳಿನಾಕ್ಷಿ

ತಾ.ಕ.: ವಿಜಯ್‌ನ ವಿಷಯ ಬರೆಯುತ್ತೇನೆ ಎಂದು ಬರೆಯದೆಯೇ ಸಹಿ ಹಾಕಿಬಿಟ್ಟೆ. ಬರೆಯದೆ ಕಳಿಸೋಣ ಎಂದುಕೊಂಡು ಲಕೋಟೆ ಅಂಟಿಸಿಯೂ ಇದ್ದೆ. ಬಿಚ್ಚಿದೆ.

ಜೂನ್‌ನಲ್ಲಿ ಅವನೂ ಆಫೀಸಿನ ಇಬ್ಬರು ಗೆಳೆಯರ ಜೊತೆ ಆ ಪಂದ್ಯ ನೋಡಲು ಬೆಲ್ಜಿಯಂಗೆ ಹೋಗಿದ್ದ. ಹೋಟೆಲೊಂದರ ಹೊರಗೆ ಊಟಕ್ಕೆ ಕೂತಿದ್ದಾಗ ಪೊಲೀಸರು ಬೀದಿಯ ಎರಡೂ ಕಡೆ ಮುಚ್ಚಿ, ಇಂಗ್ಲಿಷರೆಂದು ಕಂಡವರನ್ನೆಲ್ಲ ಎಳೆದುಕೊಂಡು ಹೋದರಂತೆ. ಪ್ಲಾಸ್ಟಿಕ್ ಪಟ್ಟಿಯಿಂದ ಕೈ ಕಟ್ಟಿ, ಒಂದು ದಿನವಿಡೀ ಸಿಮೆಂಟು ನೆಲದ ಮೇಲೆ ಕೂರಿಸಿ, ವಿಮಾನ ಹತ್ತಿಸಿ ವಾಪಸು ಕಳಿಸಿದರು. ಜೂನ್ ಹತ್ತೊಂಬತ್ತಕ್ಕೆ ನನಗೆ ಫೋನ್ ಮಾಡಿದ. "ಅಮ್ಮಾ, ದೇ ಜಸ್ಟ್ ಲುಕ್ಡ್ ಅಟ್ ಮೈ ಪಾಸ್‌ಪೋರ್ಟ್ ಅಂಡ್ ಸೆಡ್ ಇಂಗ್ಲಿಷ್. ನಿಜವಾಗಿ ಯಾವೂರು ಅಂತ ಯಾರೂ ಕೇಳ್ಲಿಲ್ಲ. ಫಸ್ಟ್ ಟೈಮ್ ಇನ್ ಮೈ ಲೈಫ್," ಎಂದ. ನಗಲು ನೋಡುತ್ತಿದ್ದ, ಆಗುತ್ತಿರಲಿಲ್ಲ.

ನಾನು ಟೀವಿಯಲ್ಲಿ ಆ ಕುರ್ಚಿಗಳನ್ನು ನೋಡಿದ್ದೆ. ನನ್ನ ಬಾಯಿಂದ ಮೊದಲು ಬಂದ ಮಾತು, "ನೀನು ಏನು ಮಾಡಿದೆ?"

ಅವನು, "ನಥಿಂಗ್, ಅಮ್ಮ," ಎಂದು ಫೋನ್ ಇಟ್ಟ. ನಾಲ್ಕು ವಾರವಾಯಿತು, ನನ್ನ ಫೋನ್ ಎತ್ತುತ್ತಿಲ್ಲ. ಅಪ್ಪನ ಜೊತೆ ಮಾತ್ರ ಆಫೀಸಿನಿಂದ ಎರಡು ಮಾತಾಡುತ್ತಾನೆ.

ಗುರುತು ಪರಿಚಯವಿಲ್ಲದ ಮೂವರಿಗಾಗಿ ಹಜಾರದಲ್ಲಿ ನಿಂತು ಮಾತಾಡಿದೆ. ಹೆತ್ತ ಮಗನಿಗೆ, "ಊಟ ಮಾಡಿದೆಯಾ, ಕೈ ನೋಯುತ್ತಿದೆಯಾ," ಎಂದು ಕೇಳಲಿಲ್ಲ. ಅವನಿಗೆ ಕಾಗದ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಮೊದಲ ಸಾಲು ಮತ್ತೆ ಪ್ರಶ್ನೆಯಾಗಿಯೇ ಬಂತು. ಹರಿದು ಹಾಕಿದೆ. ನಿನ್ನ ಕಾಗದಗಳಿಗೆ ಅವನು ಹುಡುಗನಿದ್ದಾಗಿನಿಂದ ಉತ್ತರ ಬರೆಯುತ್ತ ಬಂದಿದ್ದಾನೆ. ಒಂದು ಕಾಗದ ಬರೆ ಗಂಗಾ, ಏನನ್ನೂ ಕೇಳದೆ ಬರೆ. ಹೇಗೆ ಶುರುಮಾಡಿದೆ ಎಂದು ಆಮೇಲೆ ನನಗೂ ತಿಳಿಸು.