ಸುಮ್ಮನಿದ್ದವರ ಒಪ್ಪಿಗೆ

ಫೆಬ್ರವರಿ ಮೂವತ್ತು, ೨೧೯೧
ಗಾಣಿಗರ ಓಣಿ, ಹೊಳೆಸಾಲಾಪುರ

ನಮ್ಮ ಓಣಿಯಲ್ಲಿ ಹಿಂದಿನ ಕಾಲದಲ್ಲಿ ಬಾಳಿದ ಹಿರಿಯರಿಗೆ ನಾಗಲಾಂಬಿಕೆಯ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಸರ್ಕಾರ ಸೇರಿಸಿತು, ನಾವು ಸುಮ್ಮನಿದ್ದೆವು, ಅಲ್ಲಿಗೆ ಒಪ್ಪಿದಂತಾಯಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಉಳಿದದ್ದಕ್ಕೆ ಕ್ಷಮೆ ಕೇಳಬೇಕಾದವಳು ನಾನಲ್ಲ, ನೀವು.

ಇಂದು ನಮಗೆ ಸಂತೃಪ್ತಿ ದಿನ. ಐದು ವರ್ಷಕ್ಕೊಮ್ಮೆ ಬರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಎಲ್ಲರೂ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂರುತ್ತೇವೆ. ಓಣಿಯ ಮೂಲೆಯಲ್ಲಿ ಕಿವಿಕಂಬವಿದೆ. ನಿಮ್ಮ ಕಾಲದ ಲೈಟು ಕಂಬದಂತೆಯೇ ಕಾಣುತ್ತದೆ, ಬೆಳಕು ಕೊಡುವುದಿಲ್ಲ, ಕೇಳಿಸಿಕೊಳ್ಳುತ್ತದೆ. ಓಣಿಯಲ್ಲಿ ಸದ್ದಿಲ್ಲದಿದ್ದರೆ ಜನ ತೃಪ್ತರೆಂದು ಲೆಕ್ಕ, ಆಳುವವರು ಇನ್ನೈದು ವರ್ಷ ಆಳಬಹುದು. ಕೂಗಿದರೆ ಬೇಡವೆಂದು ಲೆಕ್ಕವೇ ಎಂದು ಕೇಳುತ್ತೀರಾ? ಅಯ್ಯೋ, ಇಲ್ಲ. ಕೂಗಿದರೆ ಅದು ಗಲಾಟೆ, ಅದಕ್ಕೆ ಬೇರೆ ಶಿಕ್ಷೆ. ಹಾಗಾಗಿ ಈ ದಿನ ಯಾರೂ ರೊಟ್ಟಿ ಬಡಿಯುವುದಿಲ್ಲ, ಹಿಂದಿನ ದಿನದ ಕಟಕು ರೊಟ್ಟಿಯನ್ನೇ ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿನ್ನುತ್ತೇವೆ. ಅಳುವ ಕೂಸಿನ ಬಾಯಿಗೆ ಬೆಲ್ಲ ಇಡುತ್ತೇವೆ. ಮರುದಿನ ಸರ್ಕಾರದಿಂದ ಮನೆಗೊಂದು ಹೋಳಿಗೆ ಬರುತ್ತದೆ. ಒಳಗೆ ಹೂರಣ ಇರುವುದಿಲ್ಲ.

ನಮ್ಮ ನಲ್ಲಿಗಳಿಗೆ ನೀರು ಬಂದು ಎರಡು ಮಳೆಗಾಲ ಕಳೆದವು. ನೀರೆಲ್ಲ ಗುಡ್ಡದ ಮೇಲಿನ ಅಧಿಕಾರಿಗಳ ಬಡಾವಣೆಗೆ ಏರುತ್ತದೆ. ಹೊಳೆ ಕಣ್ಣೆದುರಿಗೇ ಇದೆ, ಸುತ್ತ ಬೇಲಿ. ಖಾಲಿ ಕೊಡ ಹಿಡಿದು ನೀರಿನ ಕಚೇರಿಗೆ ಹೋದರೆ ಅಲ್ಲಿಯ ಗುಮಾಸ್ತ ನಗುನಗುತ್ತಲೇ, “ನೀವ ಒಪ್ಪೀರಲ್ಲಬೇ ಯವ್ವಾ, ಈಗ ಬಂದು ಅತ್ರ ಹೆಂಗ?” ಎನ್ನುತ್ತಾನೆ. ಅವನ ಬಾಯಿಗೆ ಮಣ್ಣು ಬೀಳಲಿ. ಆದರೆ ಅವನು ಹೇಳುವುದು ಕಾನೂನಿನ ಮಾತು.

ಈ ಕಾನೂನು ಆಕಾಶದಿಂದ ಉದುರಲಿಲ್ಲ. ನಿಮಗೆ ಸಿಟ್ಟಿತ್ತು, ಒಪ್ಪುತ್ತೇನೆ. ಓಣಿಗೆ ರಸ್ತೆಯಿರಲಿಲ್ಲ, ಗೆದ್ದವನು ತಿರುಗಿ ನೋಡಿರಲಿಲ್ಲ. ಅದಕ್ಕೆ ನೀವು ಮಾಡಿದ್ದೇನು? ಬೇವಿನ ಮರಕ್ಕೆ “ರಸ್ತೆ ಇಲ್ಲ, ಓಟಿಲ್ಲ” ಎಂದು ಬ್ಯಾನರ್ ಕಟ್ಟಿದಿರಿ. ಮತಗಟ್ಟೆಯ ಸಿಬ್ಬಂದಿ ನೊಣ ಹೊಡೆಯುತ್ತ ಕೂತಿದ್ದರೆ, ನೀವು ಅದೇ ಮರದ ಕೆಳಗೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಫೋಟೊ ತೆಗೆಸಿಕೊಂಡಿರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ! ನಿಮ್ಮ ಸಿಟ್ಟಿಗೆ ಹೆದರಬೇಕಾದವನು ಪಕ್ಕದ ಊರಿನ ಓಟಿನಲ್ಲಿ ಆರಾಮಾಗಿ ಗೆದ್ದ. ಅವನಿಗೆ ನೀವು ಮಾಡಿದ್ದು ಉಪಕಾರ.

ಮುಂದಿನ ಸಲ ಇನ್ನಷ್ಟು ಊರುಗಳು ನಿಮ್ಮನ್ನು ನೋಡಿ ಬ್ಯಾನರ್ ಕಟ್ಟಿದವು. ಉಳಿದವರು “ಯಾರು ಬಂದರೂ ಅಷ್ಟೇ” ಎಂದು ಮನೆಯಲ್ಲಿ ಮಲಗಿದರು. ಬಾರದವರೆಲ್ಲ ಇರುವ ಸರ್ಕಾರವನ್ನೇ ಒಪ್ಪಿದವರು ಎಂದು ಆಮೇಲೆ ಒಂದು ಕಾಯ್ದೆ ಬಂತು. ನೀವು ಅದನ್ನು ಕೇಳಿ ನಕ್ಕಿರಂತೆ. ಯಾರೂ ಬಾರದ ಮತಗಟ್ಟೆ ಯಾಕೆಂದು ಕೊನೆಗೆ ಅದನ್ನೂ ಮುಚ್ಚಿದರು, ಅದರ ಜಾಗದಲ್ಲಿ ಕಿವಿಕಂಬ ನೆಟ್ಟರು.

ನನಗೆ ಒಬ್ಬಳೇ ಮಗಳು, ದಾನೇಶ್ವರಿ, ಮನೆಯಲ್ಲಿ ದಾನಿ. ಹೋದ ವರ್ಷ ಎದುರುಮನೆಯ ಗುರುಪಾದ ನೀರಿನ ಕಚೇರಿಗೆ ಕಲ್ಲು ತೂರಲು ಹೋದ. ಅವನ ಹೆಣವನ್ನು ಬಟ್ಟೆ ಸುತ್ತಿ ತಂದರು. ಇವತ್ತು ನನ್ನ ಮಗಳೂ ಅವಳ ಓರಗೆಯವರೂ ಅಲ್ಲಿಗೇ ಹೊರಟಿದ್ದಾರೆ. ಬೆಳಿಗ್ಗೆಯಿಂದ ಪಿಸುಮಾತಿನಲ್ಲಿ ಜಗಳವಾಡಿದ್ದೇವೆ. ಕಲ್ಲಿಲ್ಲದೆ ಸರ್ಕಾರ ಬದಲಾದದ್ದು ಉಂಟೇ ಎಂದು ಕೇಳಿದಳು. ಉಂಟು ಎಂದೆ. ಜನ ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಗುಂಡಿ ಒತ್ತಿ ಮನೆಗೆ ಬಂದು ಊಟ ಮಾಡುತ್ತಿದ್ದರು, ದೊಡ್ಡ ದೊಡ್ಡವರು ಮರುದಿನವೇ ಗಂಟುಮೂಟೆ ಕಟ್ಟುತ್ತಿದ್ದರು, ಒಂದು ಹನಿ ರಕ್ತ ಬೀಳದೆಯೂ ಸರ್ಕಾರ ಬೀಳುತ್ತಿತ್ತು ಎಂದು ಹೇಳಿದೆ. ಅವಳು ನಂಬಲಿಲ್ಲ. ನಂಬಿದ ಮೇಲೆ ಅತ್ತಳು.

“ಬೆರಳಿಗೆ ಮಸಿ ಹಚ್ಚಿಸ್ಕೊಂಡ್ರ ಆಗೋ ಕೆಲಸಕ್ಕ ನಾವ್ ಕಲ್ಲು ಹಿಡೀಬೇಕೇನ್ ಯವ್ವಾ? ಅಂಥಾದ್ದನ್ನ ಯಾರ್ ಕಳದ್ರು?”

ನಿಮ್ಮ ಹೆಸರು ಹೇಳಲು ನನಗೇ ನಾಚಿಕೆಯಾಯಿತು. ಈಗ ಅವಳು ಚೀಲದಲ್ಲಿ ಕಲ್ಲು ತುಂಬಿಕೊಂಡು ಬಾಗಿಲ ಬಳಿ ಕೂತಿದ್ದಾಳೆ, ಗೆಳತಿಯರ ದಾರಿ ಕಾಯುತ್ತಿದ್ದಾಳೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಸಿಟ್ಟು ಬಿಡಿ ಎನ್ನುವುದಿಲ್ಲ. ಆ ಸಿಟ್ಟನ್ನು ಹೊತ್ತುಕೊಂಡೇ ಹೋಗಿ, ಬೈಯುತ್ತಲೇ ಸಾಲಿನಲ್ಲಿ ನಿಲ್ಲಿ, ಆದರೆ ಓಟು ಹಾಕಿ ಬನ್ನಿ. ನನ್ನ ಮುತ್ತಜ್ಜಿಯ ಅಜ್ಜಿ ಅಧಿಕಾರಿಗಳ ಮೇಲೆ ಸಿಟ್ಟಿಗೆದ್ದು ಬಡಿಗೆ ಎತ್ತಿಕೊಂಡು ಹೊರಟ ಮಗನ ರಟ್ಟೆ ಹಿಡಿದು, “ಸುಮ್ನ ಕುಂದ್ರೋ, ಬರೋ ಎಲೆಕ್ಷನ್‌ನಾಗ ನೋಡ್ಕೊಂಡ್ರಾತು” ಎಂದಿದ್ದಳಂತೆ. ಮಗ ಗೊಣಗುತ್ತ ಕೂತನಂತೆ, ಬದುಕಿದನಂತೆ.

ಓಣಿಯಲ್ಲಿ ಹೆಜ್ಜೆ ಸದ್ದು ಕೇಳುತ್ತಿದೆ. ದಾನಿ ಎದ್ದಳು. ನಾನೂ ಎದ್ದು ಅವಳ ರಟ್ಟೆ ಹಿಡಿಯುತ್ತೇನೆ. ಹಿಡಿದು ಏನು ಹೇಳಲಿ?