ಚಹಾಕ್ಕೆ ಬೇಡ, ಊಟಕ್ಕೆ ಬಾ

ಹಾಂಗ್‌ಕಾಂಗ್
ನವೆಂಬರ್ 9

ಪ್ರೀತಿಯ ಯುಕ್-ಹಾ ಅಕ್ಕ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಮಳೆ, ಬಿಸಿಲು ಎಂದು ನಾಲ್ಕು ಸಾಲು ಬರೆದು ನಿಲ್ಲಿಸಿದೆ. ಕ್ಷಮಿಸು. ಭಾವನ ಮಂಡಿನೋವು ಹೇಗಿದೆ? ತೈನಾನ್‌ನಲ್ಲಿ ಸೆಕೆ ಇಳಿಯಿತೇ?

ನನ್ನ ಹೋಯ್-ಕಿಯುವಿನ ಮದುವೆ ಹೊಸ ವರ್ಷಕ್ಕೆ ಮೊದಲೇ ಎಂದು ಗೊತ್ತಾಗಿದೆ. ಕಳೆದ ಭಾನುವಾರ ಅವಳೇ ಫೋನ್ ಮಾಡಿ, "ಅಮ್ಮ, ಸಿಹಿ ತಿನ್ನೋಕೆ ಬರ್ತೀಯಾ? ನಮ್ಮನೆ ಹತ್ರದ ಅಂಗಡಿ," ಎಂದಳು. ಐದು ವರ್ಷದವಳನ್ನು ಕೋರ್ಟು ಅಪ್ಪನಿಗೆ ಒಪ್ಪಿಸಿದ ಮೇಲೆ ಅವಳಾಗಿ ನನ್ನನ್ನು ಕರೆದದ್ದು ಅಪರೂಪ. ಮದುವೆಯ ಬೆಳಿಗ್ಗೆ ಅವಳು ಹೆತ್ತವರಿಗೆ ಮಂಡಿಯೂರಿ ಚಹಾ ಕೊಟ್ಟು ಆಶೀರ್ವಾದ ಪಡೆಯುವಾಗ ಅವಳಪ್ಪನ ಪಕ್ಕ ಯಾರು ಕೂರುತ್ತಾರೆ ಎನ್ನುವುದನ್ನು ಬಿಟ್ಟು ಈಚೆಗೆ ನಾನು ಬೇರೇನೂ ಯೋಚಿಸಿಲ್ಲ. ಕೂರಲು ಕರೆಯುತ್ತಾಳೆಂದೇ ನಂಬಿ ಹೋದೆ. ಕೆಂಪು ರೇಷ್ಮೆಯ ಮೇಲಂಗಿಯನ್ನೂ ಹೊಲಿಸಿಟ್ಟಿದ್ದೆ.

ಅಂಗಡಿ ತುಂಬಿತ್ತು. ನಮ್ಮ ಮೇಜಿಗೇ ಒಬ್ಬ ಮುದುಕರು ಬಂದು ಕೂತು ಕುದುರೆ ರೇಸಿನ ಪುಟ ಬಿಡಿಸಿದರು. ನಾನು ಮೊಟ್ಟೆ, ತಾವರೆಬೀಜ ಹಾಕಿದ ಸಿಹಿ ಕಷಾಯ ಹೇಳಿದೆ. ಅವಳು ಕರಿ ಎಳ್ಳಿನ ಪಾಯಸ. ಹಲ್ಲೆಲ್ಲ ಕಪ್ಪು ಮಾಡಿಕೊಂಡು ಒಮ್ಮೆ ನಕ್ಕಳು. ಆಮೇಲೆ ಹೇಳಿದಳು.

"ಚಹಾ ಕೊಡೋ ಹೊತ್ತಿಗೆ ನೀನು ಬರೋದು ಬೇಡಮ್ಮ. ಸಂಜೆ ಊಟಕ್ಕೆ ಬಾ."

"ಯಾರು ಕೂರ್ತಾರೆ?"

"ಅಪ್ಪ, ಲಿಂಗ್ ಆಂಟಿ." ಅಪ್ಪನ ಎರಡನೆಯ ಹೆಂಡತಿ. "ನಮ್ಮ ಹುಡುಗನ ಅಜ್ಜಿ ಒಪ್ತಿಲ್ಲ. ಗಂಡನಿಂದ ಬೇರೆ ಆದವರು ಚಹಾ ತಗೊಂಡ್ರೆ ಹೊಸ ಸಂಸಾರಕ್ಕೆ ಒಳ್ಳೇದಲ್ವಂತೆ. ತೊಂಬತ್ತು ವರ್ಷದ ಮುದುಕಿ, ಏನು ವಾದ ಮಾಡ್ಲಿ?"

"ನೀನು ಏನಂದೆ ಅವರಿಗೆ?"

"ಮೊಟ್ಟೆ ತಣ್ಣಗಾಗ್ತಿದೆ, ತಿನ್ನು."

ಮುದುಕರು ಅಷ್ಟು ಹೊತ್ತೂ ಪುಟ ತಿರುಗಿಸಲಿಲ್ಲ. ನಾನು ಅಳಬಾರದೆಂದೇ ಇವಳು ಇಷ್ಟು ಜನರ ನಡುವೆ ಕೂರಿಸಿದಳೇ? ಹಾಗೆ ಯೋಚಿಸುವುದು ನನ್ನ ಸಣ್ಣತನವೂ ಇರಬಹುದು.

"ಊಟಕ್ಕೆ ಯಾವ ಮೇಜು?" ಎಂದೆ.

"ಅಪ್ಪನ ಆಫೀಸಿನವರ ಜೊತೆ ಹಾಕ್ತೀನಿ. ಒಳ್ಳೇ ಜನ, ತುಂಬಾ ಮಾತಾಡ್ತಾರೆ."

ಆಗಲಿ ಎಂದೆ. ಮೂಢನಂಬಿಕೆ ಎಂದು ಜಗಳ ತೆಗೆಯಬಹುದಿತ್ತು. ಮುದುಕಿಯ ಭಯಕ್ಕೆ ಬೆಲೆ ಕೊಟ್ಟೆ ಎಂದು ಸಮಾಧಾನ ಮಾಡಿಕೊಂಡೆ. ಮಗಳನ್ನು ಇನ್ನೊಂದು ಪ್ರಶ್ನೆ ಕೇಳಲು ನನಗೇ ಭಯವಿತ್ತೋ ಏನೋ.

ನೀನು ಮಾತ್ರ ಬರಲೇಬೇಕು ಅಕ್ಕ. ದೊಡ್ಡಮ್ಮನಿಗೆ ಚಹಾ ಕೊಡಲು ಅಡ್ಡಿಯಿಲ್ಲವಂತೆ. ನನ್ನ ಪಾಲಿನದನ್ನೂ ಸೇರಿಸಿ ಅವಳನ್ನು ಹರಸು. ನೀನೂ ಭಾವನೂ ಆರೋಗ್ಯವಾಗಿರಿ.

ನಿನ್ನ ತಂಗಿ,
ಸಿಯು-ಮನ್

ಮತ್ತೆ: ಎಲ್ಲವನ್ನೂ ಅಜ್ಜಿಯ ತಲೆಗೆ ಕಟ್ಟಿ ಮುಗಿಸೋಣವೆಂದಿದ್ದೆ, ಆಗಲಿಲ್ಲ. ನಾವು ಏಳುವಾಗ ಅಂಗಡಿಯಾಕೆ ಬಟ್ಟಲು ತೆಗೆಯುತ್ತ ಹೋಯ್-ಕಿಯುಗೆ, "ನಿನ್ನೆ ನಿಮ್ಮಮ್ಮ ಬಂದು ಬಾದಾಮಿ ಪಾಯಸ ಕಟ್ಟಿಸ್ಕೊಂಡು ಹೋದ್ರು ಕಣೇ. ಮಗಳ ಮದುವೆ ಅಂತ ಕಾಲು ನೆಲದ ಮೇಲೇ ಇರ್ಲಿಲ್ಲ. ಇವರು ಯಾರು?" ಎಂದಳು. ಆಕೆ ಕಂಡಿದ್ದ ಅಮ್ಮ ಲಿಂಗ್. ಅಲ್ಲಿ ಅಡ್ಡಬರಲು ಯಾವ ಅಜ್ಜಿಯೂ ಇರಲಿಲ್ಲ, ಅಕ್ಕ. ನನ್ನ ಮಗಳು ಚೀಲ ಹೆಗಲಿಗೇರಿಸಿಕೊಳ್ಳುತ್ತ, "ದೂರದ ಚಿಕ್ಕಮ್ಮ," ಎಂದಳು. ಅವಳ ಮಾತು ಸುಳ್ಳಾಗಬಾರದೆಂದು ನಾನೂ, "ಹೌದು, ಇವಳನ್ನ ನೋಡಿ ಎಷ್ಟು ವರ್ಷ ಆಗಿತ್ತು," ಎಂದೆ.